ಕುರುಬನೆಂಬ ಹೆಸರಿನ ಅರ್ಥವೇನು?

ಇಪ್ಪತ್ತಮೂರನೆಯ ಕೀರ್ತನೆಯನ್ನು ನಮ್ಮ ಚಿಕ್ಕ ಮಕ್ಕಳು ಸಹ ಬಾಯಿಪಾಠವಾಗಿ ಹೇಳುವರು. ಆದರೆ ಅದರಲ್ಲಿರುವ ಕುರುಬನೆಂಬ ಹೆಸರು ನಮ್ಮ ಸೀಮೆಯವರಿಗೆ ಎಷ್ಟರ ಮಟ್ಟಿಗೆ ತಿಳಿದಿದೆ? ಹಳಿಯಾಳ, ಮುಂಡಗೋಡಗಳ ಮೂಡಲ ಬಯಲಿನವರು ಕುರಿಹಿಂಡುಗಳನ್ನು ಬಲ್ಲರು. ಮಳೆಯೂ ಅಡವಿಯೂ ಹೆಚ್ಚಾಗಿರುವ ಜೋಯಿಡಾ, ದಾಂಡೇಲಿಗಳ ಕಡೆಯಲ್ಲಾದರೋ ಕುರಿಯು ಅಪರೂಪ. ಅಲ್ಲಿ ಎಮ್ಮೆ ಕಾಯುವ ಗೌಳಿಯೇ ಕಾಣಸಿಗುವನು. ಆದಕಾರಣ ಈ ಹೆಸರಿನ ಮೂಲವನ್ನು ನಾವು ಸ್ವಲ್ಪ ವಿಚಾರಿಸೋಣ.

ಮೊದಲು ನಮ್ಮ ಭಾಷೆಯನ್ನು ನೋಡೋಣ. ಕುರಿ ಎಂಬದರಿಂದ ಕುರುಬ ಎಂಬದು ಬಂತೆಂದು ಸಾಧಾರಣವಾಗಿ ಹೇಳುತ್ತಾರೆ. ಅದು ಒಂದು ಕುಲದ ಹೆಸರೂ ಆಗಿರುವದರಿಂದ ಕೇಳುವವರ ಮನಸ್ಸು ಹುಟ್ಟಿನ ಕಡೆಗೆ ಹೋಗಬಹುದು. ಆದರೆ ಶಾಸ್ತ್ರವು ಹೇಳುವದು ಕೆಲಸವನ್ನೇ ಹೊರತು ಕುಲವನ್ನಲ್ಲ. ಯಾಕೋಬನೂ ಮೋಶೆಯೂ ತಮ್ಮ ಮಾವಂದಿರ ಮಂದೆಗಳನ್ನು ಮೇಯಿಸಿದರು. ದಾವೀದನು ತಂದೆಯ ಕುರಿಗಳನ್ನು ನೋಡಿಕೊಂಡನು. ಕುರಿಗಾಹಿ ಎಂಬ ಮಾತು ಈ ಕೆಲಸವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಕುರಿಗಳನ್ನು ಕಾಯುವವನೇ ಕುರಿಗಾಹಿ. ಹಾಗೆಯೇ ತುರು ಎಂದರೆ ಆಕಳು. ಅದನ್ನು ಕಾಯುವವನು ತುರುಗಾಹಿ. 12ನೆಯ ಶತಮಾನದ ಶರಣರಲ್ಲಿ ಒಬ್ಬರು ತುರುಗಾಹಿ ರಾಮಣ್ಣನೆಂದೇ ಹೆಸರುಗೊಂಡರು. ಗೌಳಿ ಎಂಬದು ಮರಾಠಿಯ ಗವಳಿ; ಅದರ ಮೂಲವು ಗೋಪಾಲ ಎಂಬ ಸಂಸ್ಕೃತ ಶಬ್ದ. ಹೆಸರಿನಲ್ಲಿ ಗೋವು ಉಳಿದಿದ್ದರೂ ನಮ್ಮ ಗೌಳಿಗಳ ಕೊಟ್ಟಿಗೆಯಲ್ಲಿ ಎಮ್ಮೆಗಳೇ ಹೆಚ್ಚು.

ಹೀಗೆ ನಮ್ಮ ಮಾತುಗಳಲ್ಲಿ ಕಾಯುವ ಅರ್ಥವೇ ಮುಂದಾಗಿದೆ. ಪೂರ್ವಕಾಲದಲ್ಲಿ ಶತ್ರುಗಳು ದನಗಳನ್ನು ಹೊಡೆದುಕೊಂಡು ಹೋಗುವಾಗ ಅವರನ್ನು ತಡೆದು ಸತ್ತವರಿಗಾಗಿ ಕನ್ನಡ ನಾಡಿನಲ್ಲಿ ಅನೇಕ ವೀರಗಲ್ಲುಗಳನ್ನು ನಿಲ್ಲಿಸಿದರು. ಅಂಥ ಕಲ್ಲನ್ನು ಕಂಡವರು ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯವನ್ನು ಬೇಗನೆ ಗ್ರಹಿಸುವರು. ಕೂಲಿಯವನು ತೋಳವನ್ನು ಕಂಡು ಓಡುವನು. ಒಳ್ಳೇ ಕುರುಬನು ಕುರಿಗಳಿಗಾಗಿ ಪ್ರಾಣವನ್ನೇ ಕೊಡುವನು.

ಆದರೆ ಇಬ್ರಿಯ ಭಾಷೆಯಲ್ಲಿ ಕುರುಬನಿಗೆ ರೋಎ ಎಂದು ಹೆಸರು. ಅದರ ಅರ್ಥವು ಮೇಯಿಸುವವನು ಎಂಬದೇ. ನಮ್ಮ ಸಭೆಗಳಲ್ಲಿ ಬಳಸುವ ಪಾಸ್ಟರ್ ಎಂಬ ಲತೀನ್ ಮಾತಿಗೂ ಅದೇ ಮೂಲಾರ್ಥ. ಸಭಾಪಾಲಕ ಎಂದರೆ ಕಾಯುವವನು, ಪಾಸ್ಟರ್ ಎಂದರೆ ಮೇಯಿಸುವವನು. ಎರಡು ಹೆಸರುಗಳೂ ಒಬ್ಬನ ಮೇಲೆಯೇ ಇವೆ. ಯೋಹಾನನ 21ನೆಯ ಅಧ್ಯಾಯದಲ್ಲಿ ಕರ್ತನು ಪೇತ್ರನಿಗೆ ಮೂರು ಸಾರಿ ಅಪ್ಪಣೆ ಕೊಟ್ಟಾಗ, ಗ್ರೀಕ್ ಮೂಲದಲ್ಲಿ ಮೊದಲನೆಯ ಸಾರಿಯೂ ಮೂರನೆಯ ಸಾರಿಯೂ ಮೇಯಿಸುವ ಮಾತಿದೆ. ನಡುವಿನದು ಕುರುಬನ ಕೆಲಸವನ್ನೆಲ್ಲಾ ಒಳಕೊಳ್ಳುವ ಮಾತು.

ಮೇಯಿಸುವದೂ ಕಾಯುವದೂ ಬೇರೆ ಬೇರೆಯಾಗಲಾರವೆಂದು ನಮ್ಮ ಗೌಳಿಯು ಬಲ್ಲನು. ದಾಂಡೇಲಿಯ ಅಭಯಾರಣ್ಯವು 1956ರಲ್ಲಿಯೂ, ಅಣಶಿಯ ರಾಷ್ಟ್ರೀಯ ಉದ್ಯಾನವು 1987ರಲ್ಲಿಯೂ ಏರ್ಪಟ್ಟು, 2007ರಲ್ಲಿ ಎರಡೂ ಕೂಡಿ ಹುಲಿಗಳ ಸಂರಕ್ಷಿತ ಪ್ರದೇಶವಾದವು. ಅಂಥ ಅಡವಿಯ ಅಂಚಿನಲ್ಲಿ ಹುಲ್ಲಿರುವಲ್ಲಿ ಹುಲಿಯ ಭಯವೂ ಉಂಟು. ಹುಲಿಗೆ ಅಂಜಿ ಎಮ್ಮೆಗಳನ್ನು ಕಟ್ಟಿಹಾಕಿದರೆ ಅವು ಹಸಿದು ಬಡವಾಗುವವು. ಹೊಟ್ಟೆ ತುಂಬಲೆಂದು ಬಿಟ್ಟು ಮರೆತರೆ ಸಾಯಂಕಾಲಕ್ಕೆ ಲೆಕ್ಕ ತಪ್ಪುವದು. ಆದದರಿಂದ ಅವನು ಮಂದೆಯ ಸಂಗಡ ತಾನೂ ನಡೆಯಬೇಕು.

ಯೆಹೆಜ್ಕೇಲನ 34ನೆಯ ಅಧ್ಯಾಯದಲ್ಲಿ ಇಸ್ರಾಯೇಲಿನ ಕುರುಬರ ಮೇಲೆ ಹೊರಿಸಲ್ಪಟ್ಟ ಅಪರಾಧವು ಯಾವದು? ಅವರು ಮಂದೆಯನ್ನು ಬಿಟ್ಟು ತಮ್ಮನ್ನೇ ಮೇಯಿಸಿಕೊಂಡರು. ಹಾಲು ಉಣ್ಣೆಗಳನ್ನು ತೆಗೆದುಕೊಂಡು, ರೋಗದ ಕುರಿಯನ್ನೂ ಚದರಿದ ಕುರಿಯನ್ನೂ ವಿಚಾರಿಸಲಿಲ್ಲ. ಹೆಸರು ಮಾತ್ರ ಉಳಿದು, ಅರ್ಥವು ಹೋಯಿತು.

ಸಭೆಯ ಹಿರಿಯರೇ, ಮಕ್ಕಳುಳ್ಳ ತಂದೆತಾಯಿಗಳೇ, ಈ ಹೆಸರು ನಮಗೂ ತಗಲುತ್ತದೆ. ಗದರಿಸಿ ಕಾಯುವವರು ನಮ್ಮಲ್ಲಿ ಅನೇಕರಿದ್ದಾರೆ. ಕೂತು ಉಣಿಸುವವರು ಎಷ್ಟು ಮಂದಿ? ಕಳೆದ ತಿಂಗಳು ಕೂಟಕ್ಕೆ ಬಾರದೆ ಹೋದವರು ಯಾರು? ಅವರ ಮನೆಯ ಬಾಗಿಲಿಗೆ ನಮ್ಮಲ್ಲಿ ಯಾರು ಹೋದರು? ಈ ವಾರವೇ ಎದ್ದು ಹೋಗೋಣ.