ಭೂಮಿಯ ಒಡಲನ್ನು ಅರಿತ ಬಗೆ

ಹಲಸಿನ ಹಣ್ಣನ್ನು ಕೊಳ್ಳುವವನು ಅದನ್ನು ಕೊಯ್ದು ನೋಡುವುದಿಲ್ಲ. ಬೆರಳಿನಿಂದ ತಟ್ಟಿ, ಹೊರಡುವ ಸದ್ದನ್ನು ಆಲಿಸಿ, ಒಳಗೆ ಹಣ್ಣಾಗಿದೆಯೆ ಇಲ್ಲವೆ ಎಂಬುದನ್ನು ನಿರ್ಧರಿಸುತ್ತಾನೆ. ಮಡಕೆಯ ಬಿರುಕನ್ನು ಕುಂಬಾರನು ಕಂಡುಹಿಡಿಯುವುದೂ ಹೀಗೆಯೇ. ಭೂಮಿಯ ಒಡಲಿನಲ್ಲಿ ಏನಿದೆಯೆಂಬುದನ್ನು ವಿಜ್ಞಾನಿಗಳು ಅರಿತುಕೊಂಡುದು ಬಹುಮಟ್ಟಿಗೆ ಇದೇ ಉಪಾಯದಿಂದ. ವ್ಯತ್ಯಾಸವಿಷ್ಟೆ: ಭೂಮಿಯನ್ನು ತಟ್ಟುವ ಕೈ ನಮ್ಮದಲ್ಲ, ಭೂಕಂಪದ್ದು.

ತರಗತಿಯಲ್ಲಿ ನಾವು ಭೂಮಿಯ ಪದರಗಳ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದಾಗಲೆಲ್ಲ ಒಬ್ಬ ವಿದ್ಯಾರ್ಥಿಯಾದರೂ ಎದ್ದು ನಿಂತು, “ಸಾರ್, ಅಲ್ಲಿಗೆ ಹೋಗಿ ನೋಡಿ ಬಂದವರು ಯಾರು?” ಎಂದು ಕೇಳುವುದುಂಟು. ಮಿಕ್ಕವರು ನಗುತ್ತಾರೆ. ಆದರೆ ಇದು ನಗುವ ಪ್ರಶ್ನೆಯಲ್ಲ. ಕಾಣದುದನ್ನು ನಂಬುವ ಮೊದಲು ಆಧಾರವನ್ನು ಕೇಳುವುದು ವಿಜ್ಞಾನದ ಮೊದಲ ಪಾಠ. ಆ ಪ್ರಶ್ನೆಗೆ ಉತ್ತರವನ್ನು ನಮ್ಮ ವಾಚಕರೊಡನೆ ಕ್ರಮವಾಗಿ ಹುಡುಕೋಣ.

ಕೊರೆದು ನೋಡಬಾರದೆ?

ಭೂಮಿಯ ತ್ರಿಜ್ಯ ಸುಮಾರು 6,371 ಕಿಲೋಮೀಟರು. ನಮ್ಮ ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚುವ ಮೊದಲು ಸುಮಾರು 3.2 ಕಿಲೋಮೀಟರು ಆಳಕ್ಕೆ ಇಳಿದಿದ್ದವು. ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿ 1970ರಲ್ಲಿ ಕೊರೆಯಲಾರಂಭಿಸಿದ ಬಾವಿ 1989ರಲ್ಲಿ 12,262 ಮೀಟರು ಮುಟ್ಟಿತು. ಅಷ್ಟರಲ್ಲಿ ತಳದ ಉಷ್ಣತೆ 180 ಡಿಗ್ರಿ ಸೆಂಟಿಗ್ರೇಡಿಗೇರಿ, ಮುಂದೆ ಕೊರೆಯುವುದು ಅಸಾಧ್ಯವಾಯಿತು. ಭೂಮಿಯನ್ನು 13 ಸೆಂಟಿಮೀಟರು ಅಡ್ಡಳತೆಯ ತೆಂಗಿನಕಾಯಿಯೆಂದು ಭಾವಿಸಿದರೆ, ಈ ಬಾವಿಯ ಆಳ ಒಂದು ಕಾಗದದ ಹಾಳೆಯ ದಪ್ಪಕ್ಕೆ ಸಮ. ಕರಟದ ಮಾತಿರಲಿ, ಹೊರಗಿನ ನಾರನ್ನೂ ನಾವು ದಾಟಿದಂತಾಗಲಿಲ್ಲ.

ಆದರೂ ಕೊರೆಯದೆಯೇ ತಿಳಿಯಬಹುದಾದ ಸಂಗತಿಯೊಂದುಂಟು. ಅದು ಭೂಮಿಯ ತೂಕ. ಇಂಗ್ಲೆಂಡಿನ ಕ್ಯಾವೆಂಡಿಷನು 1798ರಲ್ಲಿ ಸೀಸದ ಗುಂಡುಗಳ ನಡುವಣ ಆಕರ್ಷಣೆಯನ್ನು ಅಳೆದು, ಭೂಮಿಯ ಸರಾಸರಿ ಸಾಂದ್ರತೆ ನೀರಿನ 5.4 ಪಟ್ಟೆಂದು ಲೆಕ್ಕಹಾಕಿದನು; ಇಂದಿನ ಬೆಲೆ 5.5. ನಮ್ಮ ಬೆಟ್ಟಗುಡ್ಡಗಳ ಗ್ರಾನೈಟ್ ಕಲ್ಲಿನ ಸಾಂದ್ರತೆಯಾದರೋ 2.7ರ ಆಸುಪಾಸು. ಮೇಲಿನ ಕಲ್ಲು ಹಗುರವಾಗಿದ್ದು ಸರಾಸರಿ ಇಷ್ಟು ಹೆಚ್ಚಾಗಿರಬೇಕಾದರೆ, ಒಳಗೆ ಬಹು ಭಾರವಾದ ಪದಾರ್ಥ ಅಡಗಿರಲೇಬೇಕು. ಅದು ಎಲ್ಲಿದೆ, ಎಷ್ಟಿದೆ ಎಂಬುದನ್ನು ಮಾತ್ರ ತಕ್ಕಡಿ ಹೇಳಲಾರದು.

ಎರಡು ಬಗೆಯ ಅಲೆಗಳು

ಭೂಕಂಪವಾದಾಗ ಅದರ ಕೇಂದ್ರದಿಂದ ಎರಡು ಬಗೆಯ ಅಲೆಗಳು ಭೂಮಿಯ ಒಳಗೆ ಸಾಗುತ್ತವೆ. ಮೊದಲನೆಯದು, ಗಾಳಿಯಲ್ಲಿ ಶಬ್ದವು ಚಲಿಸುವಂತೆ, ತಾನು ಸಾಗುವ ದಿಕ್ಕಿನಲ್ಲಿಯೇ ಪದಾರ್ಥವನ್ನು ಒತ್ತಿ ಹಿಗ್ಗಿಸುತ್ತ ಹೋಗುವ ಪ್ರಾಥಮಿಕ ಅಲೆ. ಎರಡನೆಯದು, ಹಗ್ಗದ ತುದಿಯನ್ನು ಅಲ್ಲಾಡಿಸಿದಾಗ ಕಾಣುವಂತೆ, ಪದಾರ್ಥವನ್ನು ಅಡ್ಡಲಾಗಿ ಅಲುಗಿಸುವ ದ್ವಿತೀಯಕ ಅಲೆ. ಪ್ರಾಥಮಿಕ ಅಲೆ ಘನ, ದ್ರವ, ಅನಿಲ ಮೂರರಲ್ಲಿಯೂ ಹಾಯಬಲ್ಲುದು. ದ್ವಿತೀಯಕ ಅಲೆ ಘನದಲ್ಲಿ ಮಾತ್ರ ಹಾಯುತ್ತದೆ. ದ್ರವದ ಒಂದು ಪದರವು ಪಕ್ಕದ ಪದರವನ್ನು ಅಡ್ಡಲಾಗಿ ಎಳೆದು ಹಿಂದಕ್ಕೆ ತರಲಾರದಾದುದರಿಂದ ಅದು ಅಲ್ಲಿಯೇ ಅಡಗಿಹೋಗುತ್ತದೆ. ಈ ಒಂದು ನಿಯಮವನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯೆಲ್ಲ ಸುಲಭ.

ತೊಗಟೆಯ ಕಲ್ಲಿನಲ್ಲಿ ಪ್ರಾಥಮಿಕ ಅಲೆಯ ವೇಗ ಸೆಕೆಂಡಿಗೆ ಸುಮಾರು 6 ಕಿಲೋಮೀಟರು, ದ್ವಿತೀಯಕ ಅಲೆಯದು ಸುಮಾರು 3.5. ಆದಕಾರಣ ಕಂಪನಲೇಖಿಯಲ್ಲಿ ಇವೆರಡೂ ಬಂದ ವೇಳೆಗಳ ಅಂತರವನ್ನು 8.4ರಿಂದ ಗುಣಿಸಿದರೆ, ಹತ್ತಿರದ ಭೂಕಂಪವು ಎಷ್ಟು ಕಿಲೋಮೀಟರು ದೂರದಲ್ಲಿ ಆಯಿತೆಂಬುದು ತಿಳಿಯುತ್ತದೆ. ಅಂತರ 25 ಸೆಕೆಂಡಾದರೆ ದೂರ 210 ಕಿಲೋಮೀಟರು. ಮೂರು ಕೇಂದ್ರಗಳಿಂದ ಹೀಗೆ ದೂರ ತಿಳಿದು ನಕ್ಷೆಯ ಮೇಲೆ ಮೂರು ವೃತ್ತಗಳನ್ನೆಳೆದರೆ, ಅವು ಕೂಡುವ ಸ್ಥಳವೇ ಭೂಕಂಪದ ನೆಲೆ.

ಈ ಅಲೆಗಳನ್ನು ದೂರದ ದಾಖಲೆಗಳಲ್ಲಿ ಮೊದಲು ಬೇರ್ಪಡಿಸಿ ಗುರುತಿಸಿದವನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಓಲ್ಡ್‌ಹ್ಯಾಮ್. 1897ರ ಜೂನ್ 12ರಂದು ಅಸ್ಸಾಮಿನಲ್ಲಿ ಘೋರ ಭೂಕಂಪವಾಗಿ ಸುಮಾರು ಒಂದೂವರೆ ಸಾವಿರ ಜನ ಮಡಿದರು. ಷಿಲ್ಲಾಂಗಿನಲ್ಲಿ ಕಲ್ಲಿನ ಕಟ್ಟಡಗಳೆಲ್ಲ ಉರುಳಿದವು. ಆ ಕಂಪನವು ಯೂರೋಪಿನ ಉಪಕರಣಗಳಲ್ಲಿಯೂ ಮೂಡಿತ್ತು. ಓಲ್ಡ್‌ಹ್ಯಾಮನು ಆ ಗೆರೆಗಳನ್ನು ಪರೀಕ್ಷಿಸಿ ಅಲೆಗಳ ಬಗೆಗಳನ್ನು ವಿಂಗಡಿಸಿದನು. ಭೂಗರ್ಭಶಾಸ್ತ್ರದ ಜ್ಞಾನದಲ್ಲಿ ಬಹುಪಾಲು ಇಂಥ ದುರಂತಗಳಿಂದಲೇ ದೊರೆತುದೆಂಬುದನ್ನು ನಾವು ಮರೆಯಲಾಗದು.

ಮೊದಲನೆಯ ಗಡಿ

1909ರ ಅಕ್ಟೋಬರ್ 8ರಂದು ಕ್ರೊಯೇಷಿಯಾದ ಝಾಗ್ರೆಬ್ ನಗರದ ಸಮೀಪ ಭೂಕಂಪವಾಯಿತು. ಅಲ್ಲಿಯ ವೀಕ್ಷಣಾಲಯದ ಮುಖ್ಯಸ್ಥನಾಗಿದ್ದ ಆಂಡ್ರಿಯ ಮೊಹೊರೊವಿಚಿಚ್, ಕೆಲವು ಕೇಂದ್ರಗಳಲ್ಲಿ ಪ್ರಾಥಮಿಕ ಅಲೆ ಒಂದಲ್ಲ, ಎರಡು ಬಾರಿ ಬಂದಿರುವುದನ್ನು ಗಮನಿಸಿದನು. ಇದೇಕೆ? ಹೊಲದ ಬದುವಿನ ಮೇಲೆ ನೇರವಾಗಿ ನಡೆದು ಹೋಗುವವನೊಬ್ಬ, ಸುತ್ತುಹಾದಿಯಾದರೂ ಹೆದ್ದಾರಿಗೆ ಹೋಗಿ ಬಸ್ಸು ಹತ್ತುವವನೊಬ್ಬ ಎಂದಿಟ್ಟುಕೊಳ್ಳೋಣ. ಊರು ಹತ್ತಿರವಿದ್ದರೆ ಮೊದಲನೆಯವನೇ ಮುಂದು. ದೂರವಿದ್ದರೆ ಬಸ್ಸಿನವನು ಮುಂದು. ಹಾಗೆಯೇ ಒಂದು ಅಲೆ ಮೇಲಿನ ಪದರದಲ್ಲಿ ನಿಧಾನವಾಗಿ ನೇರವಾಗಿ ಬಂದಿತ್ತು. ಇನ್ನೊಂದು ಕೆಳಗಿಳಿದು, ವೇಗ ಹೆಚ್ಚಾಗಿರುವ ಪದರದಲ್ಲಿ ಸಾಗಿ, ಮತ್ತೆ ಮೇಲಕ್ಕೆ ಬಂದಿತ್ತು. ಹೆದ್ದಾರಿಯ ಆಳವನ್ನು ಅವನು ಸುಮಾರು 54 ಕಿಲೋಮೀಟರೆಂದು ಗಣಿಸಿದನು. ಖಂಡಗಳ ಕೆಳಗೆ ಸಾಮಾನ್ಯವಾಗಿ 30ರಿಂದ 50 ಕಿಲೋಮೀಟರು, ಸಾಗರಗಳ ಕೆಳಗೆ ಕೇವಲ 6 ಅಥವಾ 7 ಕಿಲೋಮೀಟರು ಆಳದಲ್ಲಿರುವ ಈ ಗಡಿಗೆ ಇಂದು ಅವನ ಹೆಸರೇ ನಿಂತಿದೆ. ಅದರ ಮೇಲಿರುವುದು ತೊಗಟೆ, ಕೆಳಗಿರುವುದು ಮ್ಯಾಂಟಲ್ ಎಂಬ ಮಹಾಕವಚ. ಭೂಮಿಯ ಗಾತ್ರದಲ್ಲಿ ಶೇಕಡಾ 84 ಭಾಗ ಈ ಕವಚವೇ.

ನೆರಳು ಬಿದ್ದ ಸ್ಥಳ

ಓಲ್ಡ್‌ಹ್ಯಾಮನು 1906ರಲ್ಲಿ ಇನ್ನೊಂದು ವಿಚಿತ್ರವನ್ನು ಪ್ರಕಟಿಸಿದ್ದನು. ಭೂಗೋಲದ ಬಹುದೂರದ ಪಾರ್ಶ್ವವನ್ನು ಮುಟ್ಟುವ ಅಲೆಗಳು ಲೆಕ್ಕಕ್ಕಿಂತ ತಡವಾಗಿ ಬರುತ್ತಿದ್ದವು. ನಡುವೆ ಅವುಗಳ ವೇಗವನ್ನು ಕುಗ್ಗಿಸುವ ತಿರುಳೊಂದು ಇರಬೇಕೆಂದು ಅವನು ಊಹಿಸಿದನು. ಜರ್ಮನಿಯ ಗುಟೆನ್‌ಬರ್ಗನು 1914ರಲ್ಲಿ ಅದರ ಅಂಚು 2,900 ಕಿಲೋಮೀಟರು ಆಳದಲ್ಲಿದೆಯೆಂದು ಗೊತ್ತುಮಾಡಿದನು. ಇಂದಿನ ಅಳತೆಗೂ ಇದಕ್ಕೂ ಇರುವ ವ್ಯತ್ಯಾಸ ಅತ್ಯಲ್ಪ.

ಭೂಕಂಪದ ಸ್ಥಳದಿಂದ ಭೂಮಧ್ಯಕ್ಕೊಂದು ಗೆರೆ, ಅಲ್ಲಿಂದ ವೀಕ್ಷಣಾಲಯಕ್ಕೊಂದು ಗೆರೆ ಎಳೆದು ಅವುಗಳ ನಡುವಣ ಕೋನವನ್ನು ಅಳೆಯೋಣ. ಸುಮಾರು 103 ಡಿಗ್ರಿಯವರೆಗೆ ಎರಡೂ ಅಲೆಗಳು ನೇರವಾಗಿ ಬಂದು ಮುಟ್ಟುತ್ತವೆ. ಅಲ್ಲಿಂದಾಚೆಗೆ ನೇರವಾದ ದ್ವಿತೀಯಕ ಅಲೆ ಕಾಣುವುದೇ ಇಲ್ಲ. ಪ್ರಾಥಮಿಕ ಅಲೆಯೂ ಸುಮಾರು 143 ಡಿಗ್ರಿಯವರೆಗೆ ಬಹುಮಟ್ಟಿಗೆ ಮರೆಯಾಗಿ ತರುವಾಯ ಮತ್ತೆ ತೋರುತ್ತದೆ. ನೀರಿನಲ್ಲಿ ಇಳಿಬಿಟ್ಟ ಕೋಲು ಬಾಗಿದಂತೆ ಕಾಣುವುದಕ್ಕೆ ಕಾರಣವಾದ ವಕ್ರೀಭವನವೇ ಇಲ್ಲಿಯೂ ಅಲೆಯನ್ನು ಒಳಕ್ಕೆ ಬಾಗಿಸುತ್ತದೆ. ಅದರಿಂದ ನಡುವಣ ಪಟ್ಟಿಯಲ್ಲಿ ನೆರಳು ಬೀಳುತ್ತದೆ. ದ್ವಿತೀಯಕ ಅಲೆ ಹಾಯಲಾರದ ಈ ತಿರುಳು ದ್ರವವೆಂದು ಇಂಗ್ಲೆಂಡಿನ ಜೆಫ್ರೀಸನು 1926ರಲ್ಲಿ ವಾದಿಸಿದನು. ಭೂಮಿಯ ತೂಕಕ್ಕೂ ಅಲೆಗಳ ವೇಗಕ್ಕೂ ಹೊಂದುವ ಪದಾರ್ಥವೆಂದರೆ ಮುಖ್ಯವಾಗಿ ಕಬ್ಬಿಣ. ಕರಗಿದ ಆ ಕಬ್ಬಿಣದ ಹರಿದಾಟದಿಂದಲೇ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಕಾಂತಕ್ಷೇತ್ರ ಹುಟ್ಟುತ್ತದೆ.

ಆದರೆ ನೆರಳು ಪೂರ್ಣವಾಗಿ ಕತ್ತಲೆಯಾಗಿರಲಿಲ್ಲ. ಅಲ್ಲಿಯೂ ಕ್ಷೀಣವಾದ ಅಲೆಗಳು ಬರುತ್ತಿದ್ದವು. ತಿರುಳಿನ ಅಂಚಿನಲ್ಲಿ ಚದರಿ ಬಂದವುಗಳೆಂದು ಅನೇಕರು ಅವನ್ನು ಬದಿಗಿಟ್ಟಿದ್ದರು. ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ಮಹಿಳೆ ಹಾಗೆ ಬದಿಗಿಡಲಿಲ್ಲ. 1929ರಲ್ಲಿ ನ್ಯೂಜಿಲೆಂಡಿನಲ್ಲಾದ ಭೂಕಂಪದ ದಾಖಲೆಗಳನ್ನು ಆಕೆ ಪರಿಶೀಲಿಸಿದರು. ಅಲೆಗಳ ವೇಳೆಗಳನ್ನು ಚೀಟಿಗಳ ಮೇಲೆ ಬರೆದು, ಓಟ್ಸ್ ಧಾನ್ಯ ತುಂಬಿ ಬರುವ ರಟ್ಟಿನ ಡಬ್ಬಿಗಳಲ್ಲಿ ಜೋಡಿಸಿಟ್ಟುಕೊಳ್ಳುವುದು ಅವರ ಪದ್ಧತಿಯಾಗಿತ್ತು. ದ್ರವದ ತಿರುಳಿನೊಳಗೆ ವೇಗ ಹೆಚ್ಚಾಗಿರುವ ಇನ್ನೊಂದು ತಿರುಳಿದ್ದರೆ ಮಾತ್ರ ಆ ಅಲೆಗಳು ಆ ಕ್ಷಣಕ್ಕೆ ಅಲ್ಲಿಗೆ ಬರಬಹುದೆಂದು ಅವರು 1936ರಲ್ಲಿ ಪ್ರಕಟಿಸಿದರು. ಅದು ಘನವೆಂಬುದಕ್ಕೆ ಬಲವಾದ ಸಾಕ್ಷ್ಯ 1971ರಲ್ಲಿ ದೊರೆಯಿತು. ದೊಡ್ಡ ಭೂಕಂಪದ ಬಳಿಕ ಇಡೀ ಭೂಗೋಲವು ಗಂಟೆಯಂತೆ ಮಿಡಿಯುವ ರೀತಿಯೇ ಅದನ್ನು ತೋರಿಸಿಕೊಟ್ಟಿತು. ಈ ಒಳತಿರುಳಿನ ತ್ರಿಜ್ಯ ಸುಮಾರು 1,220 ಕಿಲೋಮೀಟರು. ಬಹು ಬಿಸಿಯಾಗಿದ್ದರೂ ಅದು ಕರಗದಿರುವುದಕ್ಕೆ ಕಾರಣ ಒತ್ತಡ. ಭೂಮಧ್ಯದಲ್ಲಿ ಅದು ವಾಯುಮಂಡಲದ ಒತ್ತಡದ ಸುಮಾರು 36 ಲಕ್ಷ ಪಟ್ಟಿದೆ.

ಘನವಾದರೂ ಹರಿಯುವ ಕವಚ

ಮ್ಯಾಂಟಲಿನಲ್ಲಿ ದ್ವಿತೀಯಕ ಅಲೆಗಳು ಹಾಯುತ್ತವೆ; ಆದುದರಿಂದ ಅದು ಘನ. ಅಗ್ನಿಪರ್ವತಗಳನ್ನು ಕಂಡು, ತೊಗಟೆಯ ಕೆಳಗೆಲ್ಲ ಕರಗಿದ ಕಲ್ಲಿನ ಕಡಲಿದೆಯೆಂದು ಹಲವರು ಭಾವಿಸುವುದು ತಪ್ಪು. ಆದರೂ ಈ ಘನ ಹರಿಯುತ್ತದೆ. ಡಾಂಬರಿನಂಥ ಪಿಚ್ ಎಂಬ ಪದಾರ್ಥವನ್ನು ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಒಡೆಯುತ್ತದೆ. ಅದನ್ನೇ ಆಸ್ಟ್ರೇಲಿಯಾದ ಒಂದು ವಿಶ್ವವಿದ್ಯಾನಿಲಯದಲ್ಲಿ ಆಲಿಕೆಯಲ್ಲಿ ತುಂಬಿ 1930ರಲ್ಲಿ ತುದಿಯನ್ನು ಕತ್ತರಿಸಿದರು. 2014ರವರೆಗೆ ಒಂಬತ್ತು ಹನಿಗಳು ಬಿದ್ದವು. ಕ್ಷಣಕಾಲದ ಪೆಟ್ಟಿಗೆ ಘನ, ದೀರ್ಘಕಾಲದ ಒತ್ತಡಕ್ಕೆ ದ್ರವ! ಭೂಕಂಪದ ಅಲೆಗೆ ಗಟ್ಟಿಯಾಗಿ ನಿಲ್ಲುವ ಮ್ಯಾಂಟಲ್ ಲಕ್ಷಾಂತರ ವರ್ಷಗಳಲ್ಲಿ ಹೀಗೆಯೇ ಹರಿಯುತ್ತದೆ. ಹಿಮಯುಗದ ಮಂಜಿನ ಭಾರವನ್ನು ಕಳೆದುಕೊಂಡ ಸ್ವೀಡನ್ನಿನ ಉತ್ತರ ಕರಾವಳಿ ಇಂದಿಗೂ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರು ಮೇಲೇಳುತ್ತಿರುವುದು ಇದಕ್ಕೆ ಸಾಕ್ಷಿ. ಹಿಂದೆ ಅದುಮಿ ಸರಿದ ಕಲ್ಲು ಅಲ್ಲಿ ಮೆಲ್ಲನೆ ಮರಳಿ ಬರುತ್ತಿದೆ.

ಈ ಹರಿವಿನ ಪ್ರಭಾವ ನಮಗೆ ದೂರದ್ದೇನಲ್ಲ. ಶ್ರೀಲಂಕೆಯ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವಾಕರ್ಷಣೆ ಕಡಮೆಯಾಗಿ, ಕಡಲಿನ ಮಟ್ಟ ನೂರು ಮೀಟರಿಗೂ ಹೆಚ್ಚು ತಗ್ಗಿದೆ. ಆಫ್ರಿಕದ ಕೆಳಗಿನ ಆಳದಿಂದ ಹೊರಟ ಬಿಸಿಯಾದ, ಹಗುರವಾದ ಮ್ಯಾಂಟಲ್ ಪದಾರ್ಥವು ಇತ್ತ ಹರಿದು ಬಂದುದರಿಂದ ಈ ತಗ್ಗು ಉಂಟಾಯಿತೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2023ರಲ್ಲಿ ಗಣಕಯಂತ್ರದ ಲೆಕ್ಕಗಳಿಂದ ವಾದಿಸಿದ್ದಾರೆ.

ಅಲೆ ಹೇಳುವುದೆಷ್ಟು, ನಾವು ಹೇಳುವುದೆಷ್ಟು?

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಬೇಕು. ಅಲೆಯು ತನ್ನ ವೇಗವನ್ನು ಮಾತ್ರ ತಿಳಿಸುತ್ತದೆ, ಕಲ್ಲಿನ ಹೆಸರನ್ನಲ್ಲ. ಕೋಲಾ ಬಾವಿಯ ಸ್ಥಳದಲ್ಲಿ ಸುಮಾರು 7 ಕಿಲೋಮೀಟರು ಆಳದಲ್ಲಿ ಅಲೆಯ ವೇಗ ಬದಲಾಗುವುದನ್ನು ಕಂಡು, ಅಲ್ಲಿ ಗ್ರಾನೈಟ್ ಮುಗಿದು ಬಸಾಲ್ಟ್ ಕಲ್ಲು ಸಿಗುವುದೆಂದು ತಜ್ಞರು ನಿರೀಕ್ಷಿಸಿದ್ದರು. ಕೊರೆದಾಗ ಬಸಾಲ್ಟ್ ಸಿಗಲಿಲ್ಲ. ಬಿರುಕುಬಿಟ್ಟು ನೀರು ತುಂಬಿಕೊಂಡ ಕಲ್ಲು ಸಿಕ್ಕಿತು. ಅಲೆ ಸುಳ್ಳು ಹೇಳಿರಲಿಲ್ಲ. ಅದರ ಮಾತಿಗೆ ನಾವು ಕಟ್ಟಿದ ಅರ್ಥ ತಪ್ಪಾಗಿತ್ತು.

ಆದಕಾರಣವೇ ಆಳದಿಂದ ತಾನಾಗಿ ಮೇಲೆ ಬರುವ ಚೂರುಗಳಿಗೆ ಅಷ್ಟು ಬೆಲೆ. 2014ರಲ್ಲಿ ಬ್ರೆಜಿಲಿನ ಒಂದು ವಜ್ರದೊಳಗೆ ರಿಂಗ್‌ವುಡೈಟ್ ಎಂಬ ಖನಿಜದ ಕಣವೊಂದು ದೊರೆಯಿತು. ಭೂಮಿಯೊಳಗೆ 500 ಕಿಲೋಮೀಟರಿಗೂ ಹೆಚ್ಚು ಆಳದ ಒತ್ತಡದಲ್ಲಿ ಮಾತ್ರ ಅದು ಉಂಟಾಗುತ್ತದೆಂದು ಪ್ರಯೋಗಶಾಲೆಗಳಲ್ಲಿ ಮೊದಲೇ ತಿಳಿದಿತ್ತು. ಅದರ ರಚನೆಯಲ್ಲಿ ತೂಕದ ಶೇಕಡಾ ಒಂದರಷ್ಟು ನೀರೂ ಬೆರೆತಿತ್ತು. 2023ರಲ್ಲಿ ಅಟ್ಲಾಂಟಿಕ್ ಸಾಗರದ ನಡುವೆ, ಮ್ಯಾಂಟಲಿನ ಕಲ್ಲು ಮೇಲಕ್ಕೆದ್ದು ಬಂದಿರುವ ಸ್ಥಳವೊಂದರಲ್ಲಿ 1,268 ಮೀಟರು ಆಳಕ್ಕೆ ಕೊರೆದು ಕಲ್ಲಿನ ಉದ್ದನೆಯ ತುಂಡುಗಳನ್ನು ಹೊರತೆಗೆದರು. ಅಲೆಗಳಿಂದ ಮಾಡಿದ ಊಹೆಯನ್ನು ಹೀಗೆ ಕೈಗೆ ಸಿಕ್ಕ ಕಲ್ಲಿನೊಡನೆ ತಾಳೆನೋಡಲು ಸಾಧ್ಯವಾಗಿದೆ.

ಆಲಿಸುವ ಕೆಲಸ ನಮ್ಮ ನಾಡಿನಲ್ಲಿಯೂ ನಡೆದಿದೆ. ಭೂಗತ ಅಣುಸ್ಫೋಟಗಳನ್ನು ಪತ್ತೆಹಚ್ಚುವುದಕ್ಕಾಗಿ ಗೌರಿಬಿದನೂರಿನಲ್ಲಿ 1965ರಲ್ಲಿ ಕಂಪನಮಾಪಕಗಳ ಸಾಲುಗಳನ್ನು ಹೂಡಲಾಯಿತು. ಒಂದೇ ಅಲೆ ಒಂದೊಂದು ಮಾಪಕವನ್ನು ಒಂದೊಂದು ಕ್ಷಣದಲ್ಲಿ ಮುಟ್ಟುತ್ತದೆ. ಆ ಕ್ಷಣಗಳ ಅಂತರದಿಂದ ಅಲೆ ಯಾವ ದಿಕ್ಕಿನಿಂದ, ಎಷ್ಟು ಆಳವನ್ನು ಹಾಯ್ದು ಬಂದಿತೆಂಬುದನ್ನು ಗಣಿಸಬಹುದು. ಸ್ಫೋಟಕ್ಕಾಗಿ ಇಟ್ಟ ಕಿವಿಗೆ ಭೂಮಿಯ ಆಳದ ಸುದ್ದಿಯೂ ಕೇಳಿಸುತ್ತದೆ.

ಆ ವಿದ್ಯಾರ್ಥಿಗೆ ನಾವು ಹೇಳುವ ಉತ್ತರವಿಷ್ಟು: ಅಲ್ಲಿಗೆ ಹೋಗಿ ಬಂದವರು ಯಾರೂ ಇಲ್ಲ, ಅಲ್ಲಿಂದ ಹಾಯ್ದು ಬಂದ ಅಲೆಗಳಿವೆ. ತಡವಾಗಿ ಬಂದ ಅಲೆ, ಬಾರದೆ ಹೋದ ಅಲೆ, ಬರಬಾರದ ಕಡೆ ಬಂದ ಅಲೆ — ಇವನ್ನು ಬದಿಗಿಡದೆ ಕಾರಣ ಕೇಳಿದವರು ಈ ಚಿತ್ರವನ್ನು ಬರೆದರು. ಕಪ್ಪುಹಲಗೆಯ ಮೇಲೆ ಪದರಗಳ ಗಡಿಗಳನ್ನು ನಾವು ದಪ್ಪ ಗೆರೆಯಿಂದಲೇ ಎಳೆಯುತ್ತೇವೆ. ಆದರೆ ಒಳಗೆ ಪದಾರ್ಥದ ಹೆಸರನ್ನು ಬರೆಯುವಾಗ, ಅದು ಕೈಗೆ ಸಿಕ್ಕಿ ತಿಳಿದದ್ದೋ, ಲೆಕ್ಕದಿಂದ ತಿಳಿದದ್ದೋ ಎಂಬುದನ್ನೂ ಪಕ್ಕದಲ್ಲಿ ಬರೆಯುವುದನ್ನು ರೂಢಿಮಾಡಿಕೊಂಡಿದ್ದೇವೆ.