ಹಿರಿಯ ನಾಗರಿಕರಲ್ಲಿ ನಿರ್ಜಲೀಕರಣ ಮತ್ತು ಲವಣಾಂಶದ ಏರುಪೇರು: ಕಾರಣ, ಲಕ್ಷಣ, ಆರೈಕೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)



ಕಲಬುರಗಿ, ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಈ ಅವಧಿಯಲ್ಲಿ ಕುಡಿಯುವ ನೀರಿನ ಪೂರೈಕೆಗೆ ನಾವೆಲ್ಲರೂ ಆದ್ಯತೆ ನೀಡುತ್ತೇವೆ. ಆದರೆ ಮನೆಯಲ್ಲಿ ಕೊಡ ತುಂಬಿದ್ದರೂ ಅದೇ ಮನೆಯ ಹಿರಿಯರ ದೇಹದಲ್ಲಿ ನೀರಿನ ಕೊರತೆ ಉಂಟಾಗಬಹುದು. ಇದನ್ನು ಗುರುತಿಸಿ ತಡೆಯುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಕಾರಣಗಳು

ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟ ಇಳಿದೊಡನೆ ಪಂಪು ತಾನಾಗಿ ಚಾಲೂ ಆಗುವ ವ್ಯವಸ್ಥೆಯನ್ನು ತಾವು ಕಂಡಿದ್ದೀರಿ. ದೇಹದಲ್ಲಿ ಅಂಥ ಸೂಚಕದ ಕೆಲಸವನ್ನು ಬಾಯಾರಿಕೆಯು ನಿರ್ವಹಿಸುತ್ತದೆ. ವಯಸ್ಸಾದಂತೆ ಈ ಸೂಚಕವು ಮಂದವಾಗುತ್ತದೆ. ನೀರನ್ನು ಹಿಡಿದಿಡುವ ಮೂತ್ರಪಿಂಡಗಳ ಶಕ್ತಿಯೂ ಕುಗ್ಗುತ್ತದೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ನೀರಿನೊಂದಿಗೆ ಸೋಡಿಯಂ, ಪೊಟ್ಯಾಸಿಯಂ ಲವಣಗಳನ್ನೂ ಮೂತ್ರದ ಮೂಲಕ ಹೊರಹಾಕುತ್ತವೆ.

ಇವುಗಳ ಜೊತೆಗೆ ಪಂಚಾಯಿತಿಗೆ ನೇರವಾಗಿ ಸಂಬಂಧಿಸಿದ ಕಾರಣವೊಂದಿದೆ. ಶೌಚಾಲಯ ದೂರವಿದ್ದರೆ, ದಾರಿಯಲ್ಲಿ ಬೆಳಕಿಲ್ಲದಿದ್ದರೆ, ಮೊಣಕಾಲು ನೋವಿನಿಂದ ಕುಳಿತೇಳಲು ಆಗದಿದ್ದರೆ, ಹಿರಿಯರು, ವಿಶೇಷವಾಗಿ ವೃದ್ಧೆಯರು, ಬೇಕೆಂದೇ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ.

ಲಕ್ಷಣಗಳು

ನಾಲಿಗೆ ಒಣಗುವುದು, ಮೂತ್ರ ಕಡಿಮೆಯಾಗಿ ಗಾಢ ಹಳದಿ ಬಣ್ಣಕ್ಕೆ ತಿರುಗುವುದು, ಎದ್ದು ನಿಂತಾಗ ತಲೆಸುತ್ತು ಬರುವುದು, ನಿಶ್ಶಕ್ತಿ ಮುಖ್ಯ ಲಕ್ಷಣಗಳು. ರಕ್ತದಲ್ಲಿ ಸೋಡಿಯಂ ಪ್ರಮಾಣವು ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಈ ಮಿತಿಯಿಂದ ಬಹಳ ಏರಿದರೂ ಇಳಿದರೂ ಮಂಪರು, ಗೊಂದಲ, ಫಿಟ್ಸ್ ಕಾಣಿಸಿಕೊಳ್ಳಬಹುದು. ಪೊಟ್ಯಾಸಿಯಂ ವ್ಯತ್ಯಾಸವಾದರೆ ಸ್ನಾಯುಗಳು ಸೋಲುತ್ತವೆ. ಹೃದಯಬಡಿತದ ಲಯ ತಪ್ಪುತ್ತದೆ.

ನಿನ್ನೆಯವರೆಗೆ ಸರಿಯಾಗಿ ಮಾತನಾಡುತ್ತಿದ್ದವರು ಇಂದು ಮನೆಯವರ ಗುರುತು ತಪ್ಪಿದರೆ, ಅದನ್ನು ಅರವತ್ತರ ಅರಳುಮರಳು ಎಂದು ಕಡೆಗಣಿಸಬಾರದು. ಹಠಾತ್ತನೆ ಉಂಟಾಗುವ ಗೊಂದಲವು ತುರ್ತು ಚಿಕಿತ್ಸೆಯ ಸೂಚನೆ.

ಆರೈಕೆಯ ಕ್ರಮ

1. ಹಿರಿಯರು ಕೇಳುವವರೆಗೆ ಕಾಯದೆ, ಎಚ್ಚರವಿರುವ ಹೊತ್ತಿನಲ್ಲಿ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ನೀರು ಕೊಡಬೇಕು.

2. ನೀರಿನ ಜೊತೆಗೆ ಉಪ್ಪು ಬೆರೆಸಿದ ಮಜ್ಜಿಗೆ, ಅಂಬಲಿ, ಗಂಜಿ ಕೊಡಬಹುದು. ಬೆವರು, ವಾಂತಿ, ಭೇದಿಯಲ್ಲಿ ಲವಣವೂ ನಷ್ಟವಾಗುವುದರಿಂದ ಬರೀ ನೀರನ್ನೇ ಹೆಚ್ಚಾಗಿ ಕುಡಿಸಿದರೆ ಸೋಡಿಯಂ ಇನ್ನಷ್ಟು ಇಳಿಯಬಹುದು.

3. ವಾಂತಿ, ಭೇದಿಯಾದಾಗ ಓ.ಆರ್.ಎಸ್. ಅಗತ್ಯ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿಗೆ ಬೆರೆಸಿ, 24 ಗಂಟೆಯೊಳಗೆ ಬಳಸಬೇಕು, ಉಳಿದುದನ್ನು ಚೆಲ್ಲಬೇಕು. ಸಕ್ಕರೆ ಅಥವಾ ಉಪ್ಪನ್ನು ಮತ್ತೆ ಸೇರಿಸಬಾರದು.

4. ಹೃದ್ರೋಗ, ಮೂತ್ರಪಿಂಡದ ಕಾಯಿಲೆ ಇರುವವರಿಗೆ ನೀರು, ಉಪ್ಪು, ಎಳನೀರು ಎಷ್ಟು ಕೊಡಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ಮಾತ್ರೆಗಳನ್ನು ತಾವಾಗಿ ನಿಲ್ಲಿಸದೆ ಅದೇ ದಿನ ವೈದ್ಯರ ಸಲಹೆ ಪಡೆಯಬೇಕು.

5. ಕುಡಿಸುವಾಗ ನೆಟ್ಟಗೆ ಕೂರಿಸಬೇಕು. ಪ್ರಜ್ಞೆ ಮಂದವಾಗಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು.

ಸದಸ್ಯರ ಪಾತ್ರ

ಬೇಸಿಗೆಗೆ ಮುನ್ನ ಆಶಾ ಕಾರ್ಯಕರ್ತೆಯರ ನೆರವಿನಿಂದ ತಮ್ಮ ವಾರ್ಡಿನಲ್ಲಿ ಒಂಟಿಯಾಗಿರುವ ಹಾಗೂ ಮಕ್ಕಳು ಗುಳೆ ಹೋಗಿರುವ ಹಿರಿಯರ ಪಟ್ಟಿ ಸಿದ್ಧಪಡಿಸುವುದು. ಪ್ರತಿಯೊಬ್ಬರಿಗೂ ದಿನಕ್ಕೆರಡು ಬಾರಿ ವಿಚಾರಿಸುವ ನೆರೆಯವರೊಬ್ಬರನ್ನು ಗೊತ್ತುಪಡಿಸುವುದು. ಉಪಕೇಂದ್ರದಲ್ಲಿ ಓ.ಆರ್.ಎಸ್. ದಾಸ್ತಾನು ಇದೆಯೇ ಎಂದು ಪರಿಶೀಲಿಸುವುದು. ಅವರ ಶೌಚಾಲಯದ ದಾರಿಗೆ ಬೀದಿದೀಪ, ಒಳಗೆ ಹಿಡಿದುಕೊಳ್ಳಲು ಕಂಬಿ, ಸಾಧ್ಯವಿರುವಲ್ಲಿ ಕಮೋಡ್ ಒದಗಿಸುವ ವಿಷಯವನ್ನು ಪಂಚಾಯಿತಿ ಸಭೆಯ ಕಾರ್ಯಸೂಚಿಗೆ ತರುವುದು.

ರಾತ್ರಿ ನಿರ್ಭಯವಾಗಿ ಶೌಚಾಲಯಕ್ಕೆ ಹೋಗಿಬರಬಲ್ಲ ಹಿರಿಯರು ಹಗಲಿನಲ್ಲಿ ಹಿಂಜರಿಯದೆ ನೀರು ಕುಡಿಯುತ್ತಾರೆ. ಆದ್ದರಿಂದ ಆ ದಾರಿಯ ದೀಪವೂ ಅವರ ಆರೈಕೆಯ ಭಾಗವೆಂದು ಸದಸ್ಯರು ಪರಿಗಣಿಸಬೇಕಾಗಿ ಕೋರಿದೆ.