ಮದ್ದು

‘ಮದ್ದು’ ಎಂಬುದು ಎರಡೇ ಅಕ್ಷರದ ಅಚ್ಚಗನ್ನಡ ಪದ. ಕೆಮ್ಮು ಬಂದಾಗ ಅಜ್ಜಿ ಅರೆದು ಕೊಡುವ ಶುಂಠಿ, ಮೆಣಸು ಮನೆಮದ್ದು. ಕೋವಿಯ ನಳಿಗೆಗೆ ತುಂಬುವ ಕರಿಯ ಪುಡಿಯೂ ಮದ್ದೇ. ಜೀವವನ್ನು ಉಳಿಸುವ ವಸ್ತುವಿಗೂ ತೆಗೆಯುವ ವಸ್ತುವಿಗೂ ಒಂದೇ ಹೆಸರು ಬಂದುದು ಹೇಗೆ?

ಮೂಲದಲ್ಲಿ ಮದ್ದೆಂದರೆ ಔಷಧವೇ. ತಮಿಳಿನ ‘ಮರುಂದು’, ಮಲಯಾಳದ ‘ಮರುನ್ನು’, ತೆಲುಗಿನ ‘ಮಂದು’ ಇದರ ಒಡಹುಟ್ಟುಗಳು. ಆ ನುಡಿಗಳಲ್ಲಿಯೂ ಸಿಡಿಯುವ ಪುಡಿಗೆ ಇದೇ ಪದ ಸಲ್ಲುತ್ತದೆ. ಪೆಟ್ಲುಪ್ಪು, ಗಂಧಕ, ಇದ್ದಿಲುಗಳನ್ನು ಅರೆದು ಬೆರೆಸಿದ ಆ ಪುಡಿಯು ನೋಟಕ್ಕೆ ವೈದ್ಯನ ಚೂರ್ಣದಂತೆಯೇ ಇದ್ದುದರಿಂದ ಹಳೆಯ ಹೆಸರು ಅದಕ್ಕೂ ಅಂಟಿಕೊಂಡಿರಬೇಕು. ಚೀನೀಯರು ಇದನ್ನು ‘ಬೆಂಕಿಯ ಮದ್ದು’ ಎಂಬರ್ಥದ ಮಾತಿನಿಂದಲೇ ಕರೆದರು. ಸುಮಾರು 9ನೆಯ ಶತಮಾನದಲ್ಲಿ ಅಲ್ಲಿನ ರಸವಾದಿಗಳು ಆಯುಷ್ಯವನ್ನು ಬೆಳೆಸುವ ಔಷಧವನ್ನು ಅರಸುತ್ತಿದ್ದಾಗ ಈ ಮಿಶ್ರಣ ದೊರೆಯಿತೆಂದು ಇತಿಹಾಸಕಾರರು ಹೇಳುತ್ತಾರೆ. ಹುಡುಕಿದ್ದೇನು, ಸಿಕ್ಕಿದ್ದೇನು!

ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಕಾಲದ ‘ಮದ್ದಿನ ಮನೆ’ಗಳಿವೆ. ಅವು ಆಸ್ಪತ್ರೆಗಳಲ್ಲ, ಸಿಡಿಮದ್ದನ್ನು ಕೂಡಿಡುತ್ತಿದ್ದ ದಪ್ಪ ಗೋಡೆಯ ಉಗ್ರಾಣಗಳು. ಜೋಡಿ ರೈಲುಹಾದಿಗೆ ಅಡ್ಡವಾಗಿದ್ದ ಒಂದನ್ನು 2017ರಲ್ಲಿ ಕೆಡವದೆ, ಇಡಿಯಾಗಿಯೇ ಬೇರೆಡೆಗೆ ಸರಿಸಲಾಯಿತು.

ಇಂಗ್ಲಿಷಿನಿಂದ ಬಂದ ‘ಬಾಂಬು’ ಇದಕ್ಕಿಂತ ಹೊಸದು. ಮೊಳಗುವ ಸದ್ದಿಗೆ ಗ್ರೀಕ್ ಭಾಷೆಯಲ್ಲಿದ್ದ ‘ಬೊಂಬೊಸ್’ ಎಂಬುದು ಅದರ ಬೇರು. ದೀಪಾವಳಿಯ ಹೊತ್ತಿಗೆ ದಾರ ಸುತ್ತಿದ ಪಟಾಕಿಯೂ ‘ಆಟಂಬಾಂಬು’ ಆಗುತ್ತದೆ. 1945ರ ಆಗಸ್ಟಿನಲ್ಲಿ ಹಿರೊಷಿಮಾ, ನಾಗಾಸಾಕಿ ನಗರಗಳನ್ನು ಸುಟ್ಟ ಅಸ್ತ್ರದ ಹೆಸರದು ಎಂಬುದು ಬತ್ತಿಗೆ ಕಿಡಿ ತಾಗಿಸುವ ಹುಡುಗನ ನೆನಪಿಗೆ ಬಾರದು. ಮುಖಂಡನೊಬ್ಬ ಕಟುವಾದ ಹೇಳಿಕೆಯಿತ್ತರೆ ವೃತ್ತಪತ್ರಿಕೆಗಳು ‘ಬಾಂಬು ಸಿಡಿಸಿದರು’ ಎಂದು ಬರೆಯುವುದೂ ಉಂಟು. ಪದವನ್ನು ಇಷ್ಟು ಅಗ್ಗವಾಗಿಸಬಾರದಿತ್ತು.

ಕಾಡಂಚಿನ ಹಳ್ಳಿಗಳಲ್ಲಿ ಮಾತ್ರ ಅದರ ಭಾರ ಇನ್ನೂ ಇಳಿದಿಲ್ಲ. ಕಾಡುಹಂದಿಯನ್ನು ಕೊಲ್ಲಲು ಕೆಲವರು ತಿನಿಸಿನೊಳಗೆ ಸಿಡಿಮದ್ದನ್ನು ಅಡಗಿಸಿಡುತ್ತಾರೆ. ಮೇಯಲು ಹೋದ ಹಸು ಅದನ್ನು ಕಚ್ಚಿದರೆ ದವಡೆಯೇ ಒಡೆದುಹೋಗುತ್ತದೆ. ಆಮೇಲೆ ಯಾವ ಮದ್ದೂ ನಾಟುವುದಿಲ್ಲ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಗರ್ಭಿಣಿಯಾದ ಆನೆಯೊಂದು ಹೀಗೆಯೇ ಬಾಯಿ ಒಡೆದುಕೊಂಡು, ಏನನ್ನೂ ತಿನ್ನಲಾರದೆ, ಹೊಳೆಯ ನೀರಿನಲ್ಲಿ ನಿಂತು ಪ್ರಾಣಬಿಟ್ಟಿತು. ಸ್ಫೋಟಕಗಳಿಂದ ಬೇಟೆಯಾಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಿಷೇಧಿಸಿದೆ. ಬೇಲಿಯ ಬದಿಯಲ್ಲೋ ಕಾಲುದಾರಿಯಲ್ಲೋ ಅಂಥ ಉಂಡೆ ಕಂಡುಬಂದರೆ ಅದನ್ನು ಮುಟ್ಟದೆ, ಕಲ್ಲೆಸೆಯದೆ, ದೂರ ಸರಿದು ಹಿರಿಯರಿಗೂ ಪೊಲೀಸರಿಗೂ ತಿಳಿಸಬೇಕು.